ಭೀಮೆಯ ಗಾಳ, ಅಂಡಮಾನಿನ ಕಡಲು

ಗಾಳ, ದಾರ, ಹೊಳೆ, ಕೆರೆ ಅಂತ ನೀವು ಕೇಳುವುದಕ್ಕೆಲ್ಲ ಈ ಪುಟದಲ್ಲಿ ಉತ್ತರ ಬರೆಯುತ್ತಾ ಬಂದಿದ್ದೇನೆ. ಈ ಸಲ ನಾಲ್ಕು ಪತ್ರ ಕಡಲಿನ ಬಗ್ಗೆಯೇ ಬಂದಿವೆ. ಉಪ್ಪುನೀರು ನೋಡಬೇಕೆಂದರೆ ಒಂದು ರಾತ್ರಿ ರೈಲಿನಲ್ಲಿ ಕೂರಬೇಕಾದ ಊರಿನವರು ನಾವು. ನಮಗೇ ಈ ಹುಚ್ಚು ಜಾಸ್ತಿ, ಅಲ್ವಾ?

ಪ್ರಶ್ನೆ: ಫೆಬ್ರವರಿಯಲ್ಲಿ ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳ ಜೊತೆ ಆರು ದಿನ ಅಂಡಮಾನಿಗೆ ಹೋಗುತ್ತಿದ್ದೇನೆ. ಚಿಕ್ಕಂದಿನಿಂದ ಕಟ್ಟಿಸಂಗಾವಿ ಸೇತುವೆ ಹತ್ತಿರ ಭೀಮೆಯಲ್ಲಿ ಗಾಳ ಹಾಕಿದವನು. ಒಂದು ದಿನ ಆಳ ಕಡಲಿಗೆ ಹೋಗಿ ದೊಡ್ಡ ಮೀನು ಹಿಡಿಯುವ ಆಸೆ. ನನ್ನ ಹತ್ತಿರ ಮೂರು ರಾಡು, ಎರಡು ರೀಲು ಇವೆ. ಏನೇನು ತಯಾರಿ ಬೇಕು?
ಓದುಗರು, ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ಮೊದಲ ತಯಾರಿ, ಆ ಮೂರು ರಾಡು, ಎರಡು ರೀಲು ಮನೆಯಲ್ಲೇ ಇರಲಿ. ನಾನು ನಿವೃತ್ತನಾದ ವರ್ಷ ಅಳಿಯನ ಜೊತೆ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ (ಈಗಿನ ಹೆಸರು ಸ್ವರಾಜ್ ದ್ವೀಪ) ಹೋದಾಗ ನನ್ನ ಹೊಳೆ ರೀಲನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಎರಡನೇ ದಿನ ಬೆಳಿಗ್ಗೆ ಅದರ ಹಿಡಿ ತಿರುಗಲಿಲ್ಲ. ಉಪ್ಪು ಒಳಗೆ ಸೇರಿ ಬೇರಿಂಗ್ ಕಚ್ಚಿತ್ತು. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಗೇರ್ ಬಾಕ್ಸ್ ಬಿಚ್ಚಿ ಜೋಡಿಸಿದವನು ಅಂಗೈಯಗಲದ ರೀಲಿನ ಮುಂದೆ ಸುಮ್ನೆ ಕೂತಿದ್ದೆ. ದೋಣಿಯವರ ಹತ್ತಿರ ಕಡಲಿನ ಸಾಮಾನು ಇರುತ್ತದೆ. ಅದನ್ನೇ ಬಳಸಿ. ಹಟ ಮಾಡಿ ನಿಮ್ಮದನ್ನೇ ಒಯ್ದರೆ ಪ್ರತಿ ಸಂಜೆ ಸಿಹಿನೀರು ಹನಿಸಿ ತೊಳೆಯಿರಿ. ನಲ್ಲಿಯ ಜೋರು ಧಾರೆಗೆ ಹಿಡಿಯಬೇಡಿ, ಉಪ್ಪು ಇನ್ನೂ ಒಳಕ್ಕೆ ಹೋಗುತ್ತದೆ.

ಸಾಮಾನಿಗಿಂತ ಬಿಡಲು ಕಷ್ಟವಾದದ್ದು ಕೈಯ ಅಭ್ಯಾಸ. ಹೊಳೆಯಲ್ಲಿ ಬೆಂಡು ಮುಳುಗಿತೋ, ನಾವು ರಾಡನ್ನು ಝಾಡಿಸಿ ಎಳೆಯುತ್ತೇವೆ. ಕಡಲಲ್ಲಿ ಮೀನಿನ ತುಂಡು ಸಿಕ್ಕಿಸಿ ಬಿಡುವ ಗಾಳ ಬಹಳ ಕಡೆ ಸರ್ಕಲ್ ಹುಕ್. ಅದರ ಮೊನೆ ಒಳಕ್ಕೆ ಬಾಗಿರುತ್ತದೆ. ಮೀನು ಕಚ್ಚಿ ತಿರುಗಿ ಓಡುವಾಗ ಅದು ತಾನೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ನೀವು ಝಾಡಿಸಿದರೆ ಬಾಯಿಂದ ಹೊರಗೆ ಜಾರುತ್ತದೆ. ನಾನು ಮೊದಲ ದಿನ ಹೀಗೆ ನಾಲ್ಕು ಮೀನು ಕಳೆದುಕೊಂಡೆ. ದೋಣಿ ನಡೆಸುವ ಹುಡುಗ ಹಿಂದಿಯಲ್ಲಿ "ಚಾಚಾ, ಏನೂ ಮಾಡಬೇಡಿ, ಬರೀ ಸುತ್ತಿ" ಅಂದ. ಏನೂ ಮಾಡದೆ ಇರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಇನ್ನೊಂದು ಡ್ರ್ಯಾಗ್. ರೀಲಿನ ಈ ಬಿಗಿ ನಮ್ಮ ಬಸ್ಸಿನ ಕ್ಲಚ್ ಇದ್ದಂತೆ. ಮಿತಿ ಮೀರಿದ ಎಳೆತ ಬಂದಾಗ ಜಾರಬೇಕು, ಇಲ್ಲದಿದ್ದರೆ ದಾರ ತುಂಡಾಗುತ್ತದೆ. ದಾರ ತಡೆಯುವ ಭಾರದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಬಿಗಿ ಇಡುವುದು ರೂಢಿ. ಇಪ್ಪತ್ತು ಕಿಲೋ ತಡೆಯುವ ದಾರಕ್ಕೆ ಐದಾರು ಕಿಲೋ ಎಳೆತದಲ್ಲಿ ರೀಲು ಜಾರಬೇಕು. ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ ಗೊತ್ತಾಗುತ್ತದೆ. ಮೀನು ಓಡುತ್ತಿರುವಾಗ ಬಿಗಿ ಹೆಚ್ಚಿಸಲು ಹೋಗಬೇಡಿ. ಓಡಲಿ ಬಿಡಿ.

ನೀವು ಬರೆದ "ದೊಡ್ಡ ಮೀನು" ಅಂಡಮಾನಿನಲ್ಲಿ ಮುಖ್ಯವಾಗಿ ಜಿಟಿ, ಅಂದರೆ ಜೈಂಟ್ ಟ್ರೆವಲಿ. ಐವತ್ತು ಕಿಲೋ ದಾಟಿ ಬೆಳೆಯುವ ಜಾತಿ. ಹವಳದ ಬಂಡೆಯಂಚಿನಲ್ಲಿ ಪಾಪರ್ ಎಂಬ ಮರದ ಅಥವಾ ಪ್ಲಾಸ್ಟಿಕ್ಕಿನ ಸುಳ್ಳು ಮೀನನ್ನು ದೂರ ಎಸೆದು, ನೀರು ಚಿಮ್ಮುವಂತೆ ಎಳೆಯುತ್ತಾ ಬರಬೇಕು. ಗಂಟೆಗಟ್ಟಲೆ ಎಸೆದು ಒಂದು ಕಚ್ಚೂ ಇಲ್ಲದೆ ಬಂದವರಿದ್ದಾರೆ. ಭುಜ ಬಿದ್ದುಹೋಗುತ್ತದೆ. ಸಿಕ್ಕಿದರೂ ಫೋಟೋ ತೆಗೆದು ನೀರಿಗೆ ಬಿಡುವುದು ಅಲ್ಲಿನ ಒಳ್ಳೆಯ ದೋಣಿಯವರ ಪದ್ಧತಿ. ಊಟದ ಮೀನು ಬೇಕಿದ್ದರೆ ತಳಕ್ಕೆ ಗಾಳ ಬಿಟ್ಟು ಸ್ನ್ಯಾಪರ್, ಗ್ರೂಪರ್ ಹಿಡಿಯಬಹುದು. ಇಲ್ಲವೇ ದೋಣಿ ಓಡುತ್ತಿರುವಾಗ ಹಿಂದೆ ದಾರ ಬಿಟ್ಟು ಟ್ರೋಲಿಂಗ್ ಮಾಡಬಹುದು. ಅದಕ್ಕೆ ಟ್ಯೂನಾ, ಬರಾಕುಡ, ನಮ್ಮ ಕರಾವಳಿಯವರು ಅಂಜಲ್ ಎನ್ನುವ ಮೀನು ಬೀಳುತ್ತವೆ. ಹಲ್ಲಿನ ಮೀನಿಗೆ ದಾರದ ತುದಿಯಲ್ಲಿ ತಂತಿ ಬೇಕು. ಸುಮ್ನೆ ದಾರ ಕಟ್ಟಿದರೆ ಬರಾಕುಡ ಕತ್ತರಿಸಿಕೊಂಡು ಹೋಗುತ್ತದೆ. ದೊಡ್ಡ ಬರಾಕುಡ ತಿನ್ನಬೇಡಿ. ಹವಳದ ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಸೇರುವ ಸಿಗುವಾಟೆರಾ ಎಂಬ ವಿಷ ಅದರಲ್ಲಿರಬಹುದು. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಈಗ ಹೊಟ್ಟೆ ವಿಷಯ. ಇದನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ. ಮನೆಯಿಂದ ಒಯ್ದ ಶೇಂಗಾ ಹೋಳಿಗೆ ಮೂರು, ಮೇಲೆ ತುಪ್ಪ. ಬೆಳಿಗ್ಗೆ ಐದಕ್ಕೆ ತಿಂದು ದೋಣಿ ಹತ್ತಿದೆ. ಏಳಕ್ಕೆ ಮೂರೂ ಅಂಡಮಾನ್ ಸಮುದ್ರ ಸೇರಿದವು. "ಮೀನುಗಳಿಗೆ ಕಲಬುರಗಿ ಊಟ" ಅಂತ ಅಳಿಯ ಇನ್ನೂ ಮದುವೆ ಮನೆಗಳಲ್ಲಿ ಹೇಳುತ್ತಾನೆ. ಹೊರಡುವ ಮುಂಚೆ ಎರಡು ಇಡ್ಲಿ ಇಲ್ಲವೇ ಬಾಳೆಹಣ್ಣು ಸಾಕು. ಖಾಲಿ ಹೊಟ್ಟೆಯೂ ಬೇಡ. ವಾಂತಿ ತಡೆಯುವ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿ, ಹೊರಡುವುದಕ್ಕೆ ಮೊದಲೇ ತೆಗೆದುಕೊಳ್ಳಿ. ತಲೆ ತಿರುಗಿದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ದೋಣಿಯ ನಡುವೆ, ಡೀಸೆಲ್ ಹೊಗೆ ಬಡಿಯದ ಕಡೆ ನಿಂತು ದೂರದ ನೀರಿನಂಚು ನೋಡುತ್ತಿರಿ. ಮೊಬೈಲ್ ನೋಡಿದಿರೋ, ಮುಗಿಯಿತು.

ಇದೇ ಕಾರಣಕ್ಕೆ ಪೂರ್ತಿ ದಿನದ ದೋಣಿ ಬೇಡ ಅನ್ನುತ್ತೇನೆ. ಅರ್ಧ ದಿನ ತಗೊಳ್ಳಿ, ಬೆಳಗಿನ ಜಾವದ್ದು. ಅಲ್ಲಿಯೂ ಗಡಿಯಾರ ನಮ್ಮದೇ, ಆದರೆ ಸೂರ್ಯ ಕಲಬುರಗಿಗಿಂತ ಸುಮಾರು ಒಂದು ಗಂಟೆ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ. ಆರು ಗಂಟೆಗೆ ಹೊರಡೋಣ ಅಂದರೆ ತಡವಾಯಿತು ಅಂತಲೇ ಲೆಕ್ಕ. ಹೆಂಡತಿ, ಮಗಳನ್ನು ಈ ದೋಣಿಗೆ ಕರೆದುಕೊಂಡು ಹೋಗಬೇಡಿ. ಅವರಿಗೆ ಇನ್ನೊಂದು ಸಂಜೆ, ದಡದ ಹತ್ತಿರ, ಒಂದೂವರೆ ಗಂಟೆ ಕೈದಾರದ ಗಾಳ ಸಾಕು. ಮಗಳಿಗೆ ಅಂಗೈಯುದ್ದದ ಮೀನು ಸಿಕ್ಕರೆ ನಿಮ್ಮ ಜಿಟಿಗಿಂತ ಅದರ ಕಥೆಯೇ ಶಾಲೆಯಲ್ಲಿ ಜಾಸ್ತಿ ದಿನ ಓಡುತ್ತದೆ.

ದಿನ ಆರಿಸುವಾಗ ಪ್ರವಾಸದ ಎರಡನೇ ಇಲ್ಲವೇ ಮೂರನೇ ದಿನ ಇಟ್ಟುಕೊಳ್ಳಿ. ಗಾಳಿ ಎದ್ದು ದೋಣಿ ನಿಂತರೆ ಮುಂದಕ್ಕೆ ಹಾಕಲು ದಿನ ಉಳಿದಿರಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಕಡಲು ಸಾಮಾನ್ಯವಾಗಿ ಶಾಂತ. ನಿಮ್ಮ ತಿಂಗಳು ಚೆನ್ನಾಗಿದೆ.

ಹಣ ಕೊಡುವ ಮೊದಲು ಮಾತು ಬಿಡಿಸಿ ಆಡಿಕೊಳ್ಳಿ. ನನ್ನ ಮೊದಲ ಸಲ ಒಬ್ಬ ದಲ್ಲಾಳಿ "ಆಳ ಕಡಲು, ಇಡೀ ದಿನ" ಅಂತ ಹಣ ತಗೊಂಡ. ದೋಣಿ ಹೋಗಿದ್ದು ಹೋಟೆಲಿನ ಛಾವಣಿ ಕಾಣುವಷ್ಟು ದೂರ. ಮಧ್ಯಾಹ್ನ ಹನ್ನೆರಡಕ್ಕೆ ಡೀಸೆಲ್ ಮುಗಿಯಿತು ಅಂತ ವಾಪಸ್. ಎಷ್ಟು ಗಂಟೆ, ಎಷ್ಟು ಜನ, ಡೀಸೆಲ್ ಯಾರದು, ಗಾಳಕ್ಕೆ ಹಾಕುವ ಮೀನು ಮತ್ತು ಮಂಜುಗಡ್ಡೆ ಯಾರದು, ಹವಾಮಾನ ಕೆಟ್ಟರೆ ಹಣ ವಾಪಸ್ಸೇ, ಹಿಡಿದ ಮೀನು ಯಾರದು? ಕೊನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ. ದೋಣಿಯ ನೋಂದಣಿ, ಎಲ್ಲರಿಗೂ ಲೈಫ್ ಜಾಕೆಟ್, ವೈರ್‌ಲೆಸ್ ಇದೆಯೇ ಅಂತ ಕಣ್ಣಾರೆ ನೋಡಿ. ದಡ ಬಿಟ್ಟ ಮೇಲೆ ಮೊಬೈಲ್ ನಂಬುವಂತಿಲ್ಲ.

ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಮೀನು ಹಿಡಿಯುವಂತಿಲ್ಲ. ಅದು 1983ರಿಂದ ರಕ್ಷಿತ ಜಾಗ. ಬುಡಕಟ್ಟು ಜನರ ದ್ವೀಪಗಳ ಸುತ್ತಲಿನ ನೀರಿಗೂ ಹೋಗುವಂತಿಲ್ಲ. ದೋಣಿಯವನು "ಏನಾಗಲ್ಲ ಸಾರ್" ಅಂದರೆ ಆ ದೋಣಿಯನ್ನೇ ಬಿಡಿ. ನಮ್ಮ ಹೊಳೆಯ ಚಟಕ್ಕೆ ಮೊಣಕಾಲು ನೀರಿಗೆ ಇಳಿದು ಹಳ್ಳದ ಬಾಯಲ್ಲಿ ಗಾಳ ಹಾಕಲು ಹೋಗಬೇಡಿ. ಅಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಳ್ಳಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಕೃಷ್ಣೆಯ ಮೊಸಳೆ ಅದರ ಮುಂದೆ ಚಿಕ್ಕದು.

ಪ್ರಶ್ನೆ: ಅಮಾವಾಸ್ಯೆ ದಿನ ಕಡಲಿಗೆ ಇಳಿಯಬಾರದು ಅಂತ ನಮ್ಮತ್ತೆ ಹೇಳುತ್ತಾರೆ. ನಮ್ಮ ಟಿಕೆಟ್ ಅದೇ ವಾರ ಇದೆ. ನಿಜವೇ?
ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ನಿಂತು ನೀರನ್ನು ಎಳೆಯುತ್ತವೆ. ಆ ದಿನ ಮತ್ತು ಮರುದಿನಗಳಲ್ಲಿ ಭರತ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿ ಆಸುಪಾಸಿನಲ್ಲಿ ಎರಡೂ ಕಡಿಮೆ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಗೋಡೆಯ ಪಂಚಾಂಗ ಕ್ಯಾಲೆಂಡರ್ ಇದ್ದರೆ ಅರ್ಧ ಕೆಲಸ ಆಯಿತು. ಹರಿವು ಇರುವಾಗ ಮೀನು ಮೇಯಲು ಬರುತ್ತದೆ, ನೀರು ನಿಂತಾಗ ಅದೂ ನಿಲ್ಲುತ್ತದೆ. ಹಾಗಾಗಿ ಮೀನುಗಾರನಿಗೆ ಅಮಾವಾಸ್ಯೆ ಕೆಟ್ಟದ್ದೇನಲ್ಲ. ಆದರೆ ಹ್ಯಾವ್‌ಲಾಕಿನ ಪೂರ್ವ ದಂಡೆಯಲ್ಲಿ ಇಳಿತದ ಹೊತ್ತಿಗೆ ನೀರು ಬಹು ದೂರ ಸರಿದು ದೋಣಿಗಳು ಮರಳಲ್ಲಿ ಕೂತುಬಿಡುತ್ತವೆ. ಹೊರಡುವ ಹೊತ್ತನ್ನು ನೀವಲ್ಲ, ನೀರು ಹೇಳುತ್ತದೆ.

ಪ್ರಶ್ನೆ: ಅಂಡಮಾನ್ ಬಿಟ್ಟು ಲಕ್ಷದ್ವೀಪಕ್ಕೆ ಹೋದರೆ ಹೇಗೆ?
ಓದುಗರು, ಬೀದರ್

ಉತ್ತರ: ಹೋಗಿ, ಆದರೆ ಪ್ರವೇಶ ಪರವಾನಗಿ ಮೊದಲೇ ಪಡೆಯಬೇಕು. ಕೊಚ್ಚಿಯಿಂದ ಹಡಗು, ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನ. ಅಲ್ಲಿ ನನಗೆ ಆಸೆ ಇರುವುದು ಹಿಡಿಯುವುದಕ್ಕಿಂತ ನೋಡುವುದು. ಅಲ್ಲಿನವರು ಟ್ಯೂನಾವನ್ನು ಬಲೆಯಲ್ಲಲ್ಲ, ಕೋಲಿನಲ್ಲಿ ಹಿಡಿಯುತ್ತಾರೆ. ಜೀವಂತ ಸಣ್ಣ ಮೀನುಗಳನ್ನು ನೀರಿಗೆ ಎರಚಿ, ಮೇಲೆ ನೀರಿನ ತುಂತುರು ಹಾರಿಸಿ, ಟ್ಯೂನಾ ಗುಂಪು ಹುಚ್ಚೆದ್ದಾಗ ಮುಳ್ಳಿಲ್ಲದ ಗಾಳದಿಂದ ಒಂದೊಂದನ್ನೇ ತಲೆಯ ಮೇಲಿಂದ ದೋಣಿಗೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ್ದರಿಂದ ಮೀನು ತಾನೇ ಕಳಚಿ ಬೀಳುತ್ತದೆ. ಬೇಯಿಸಿ, ಹೊಗೆ ಹಾಕಿ ಒಣಗಿಸಿದ ಅದೇ ಟ್ಯೂನಾಕ್ಕೆ ಮಾಸ್ ಅನ್ನುತ್ತಾರೆ. ಕಟ್ಟಿಗೆಯಷ್ಟು ಗಟ್ಟಿ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಹೋಗಬಹುದೇ?
ಓದುಗರು, ಸುರಪುರ

ಉತ್ತರ: ಹೋಗಬಹುದು. ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿ, ಸಡಿಲ ಬಿಡಬೇಡಿ. ನನ್ನ ಅಳಿಯನಿಗೂ ಈಜು ಬರುವುದಿಲ್ಲ. ಅವತ್ತು ದಡಕ್ಕೆ ಬಂದ ಮೇಲೂ ಜಾಕೆಟ್ ಬಿಚ್ಚದೆ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ. ಮೀನು ಹಿಡಿದವನು ಮಾತ್ರ ಅವನೇ.