ಗೋಡೆ ಒಂದು, ಖಾತೆ ಎರಡು
ಬಸವನಗುಡಿಯಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಹಳೆಯ ಮನೆಗಳು, ಒಂದು ನಿಮ್ಮದು, ಇನ್ನೊಂದು ದೊಡ್ಡಪ್ಪನ ಮಕ್ಕಳದು. ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಒಟ್ಟಿಗೆ ಮಾರುವುದೋ ಬೇರೆಬೇರೆಯಾಗಿಯೋ ಎಂದು ಕೇಳಿದ್ದೀರಿ. ಒಟ್ಟಿಗೇ ಮಾರಿ. ಬಿಲ್ಡರ್ ಬೆಲೆ ಕಟ್ಟುವುದು ನಿಮ್ಮ ತೇಗದ ಬಾಗಿಲಿಗಲ್ಲ, ಆ ನೆಲದ ಮೇಲೆ ಎಷ್ಟು ಕಟ್ಟಬಹುದು ಎಂಬುದಕ್ಕೆ. ಅದನ್ನು ನಿರ್ಧರಿಸುವುದು ನಿವೇಶನದ ಅಳತೆ ಮತ್ತು ಎದುರಿನ ರಸ್ತೆಯ ಅಗಲ. ಸಣ್ಣ ನಿವೇಶನದಲ್ಲಿ ಸುತ್ತ ಬಿಡಬೇಕಾದ ಜಾಗವೇ ಬಹಳಷ್ಟನ್ನು ನುಂಗುತ್ತದೆ; ಎರಡೂ ಸೇರಿದರೆ ನಡುವಿನ ಆ ನಷ್ಟ ತಪ್ಪುತ್ತದೆ.

ಆದರೆ ಬಿಲ್ಡರ್ ಎದುರು ಕೂರುವ ಮೊದಲು ದಾಯಾದಿಗಳೊಂದಿಗೆ ಕೂರಿ. ತಾತನ ಆಸ್ತಿ ಬಾಯಿಮಾತಿನಲ್ಲಿ ಭಾಗವಾಗಿದ್ದರೆ ನೋಂದಾಯಿತ ವಿಭಾಗಪತ್ರ ಮಾಡಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಸೋದರತ್ತೆಯರ ಸಹಿ ಇಲ್ಲದೆ ಯಾವ ವಕೀಲನೂ ಕಾಗದ ಒಪ್ಪುವುದಿಲ್ಲ. ಹಣ ಹಂಚುವ ಲೆಕ್ಕ ಈಗಲೇ ಬರಹದಲ್ಲಿರಲಿ. ಎರಡರಲ್ಲೊಂದು ಮೂಲೆಯ ನಿವೇಶನವಾಗಿದ್ದರೆ ಅದರವರು ಹೆಚ್ಚು ಕೇಳಿಯೇ ಕೇಳುತ್ತಾರೆ, ಅದು ನ್ಯಾಯವೂ ಹೌದು.

ಬಿಲ್ಡರ್ ಜಂಟಿ ಅಭಿವೃದ್ಧಿ ಒಪ್ಪಂದದ (ನೆಲ ನಿಮ್ಮದು, ಕಟ್ಟುವುದು ಅವರು, ಫ್ಲ್ಯಾಟುಗಳಲ್ಲಿ ಇಬ್ಬರಿಗೂ ಪಾಲು) ಆಸೆ ತೋರಿಸಿದರೆ, ಕಟ್ಟಡ ಮುಗಿಯುವವರೆಗೆ ನೀವು ಬೇರೆಡೆ ಇರುವ ಮನೆಯ ಬಾಡಿಗೆಯನ್ನು ಯಾರು ಕೊಡುತ್ತಾರೆ ಎಂದು ಮೊದಲು ಕೇಳಿ. ಮುಂಗಡ ಕೈಸೇರದೆ, ನಿಮ್ಮ ಪರವಾಗಿ ವ್ಯವಹರಿಸಲು ಬಿಲ್ಡರ್‌ಗೆ ಹಕ್ಕು ಕೊಡುವ ಅಧಿಕಾರ ಪತ್ರಕ್ಕೆ ಸಹಿ ಬೇಡ. ಮುಂಭಾಗದಲ್ಲಿ ಬಾಡಿಗೆಯ ಅಂಗಡಿಯಿದ್ದರೆ ಅದನ್ನು ತೆರವು ಮಾಡಿಸುವ ಮಾತು ಇಂದೇ ಶುರುಮಾಡಿ. ನಮ್ಮ ಮನೆಯಲ್ಲಿ ಅದಕ್ಕೇ ಎರಡು ವರ್ಷ ಹಿಡಿಯಿತು. ಅಂದಹಾಗೆ, ಕಂಬ, ತೊಲೆ, ಬಾಗಿಲುಗಳನ್ನು ಕರಾರಿನಿಂದ ಹೊರಗಿಡಿ. ಹಳೆಯ ತೇಗಕ್ಕೆ ಬೇರೆಯೇ ಗಿರಾಕಿಗಳಿದ್ದಾರೆ.