ಒಂದೂ ಎಸೆತವಿಲ್ಲದ ಒಂದು ಪಂದ್ಯ

ಪ್ರಶ್ನೆ: ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದೂ ಚೆಂಡು ಎಸೆಯದ ಪಿಚರ್ ಒಬ್ಬರ ಹೆಸರಿಗೆ ಒಂದು ಪಂದ್ಯ ಜಮೆಯಾಗಿದೆಯಂತೆ, ನಿಜವೇ? ಟಿಳಕವಾಡಿಯ ಲೇಲೆ ಮೈದಾನದಲ್ಲಿ ಹುಡುಗರಿಗೆ ಬೌಲಿಂಗ್ ಕಲಿಸುವ ನನಗೆ, ನೋವಿದ್ದರೂ ಅವರು ಒಂದೆರಡು ಚೆಂಡು ಎಸೆದೇ ಹೋಗಬೇಕಿತ್ತು ಎನ್ನಿಸುತ್ತದೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಸಂಗತಿ ನಿಜ. ಅವರು ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಲ್ಯಾರಿ ಯೌಂಟ್. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಹೋದ ಆಟಗಾರ ಅದೇ ಪಂದ್ಯಕ್ಕೆ ಮರಳುವಂತಿಲ್ಲವಾದ್ದರಿಂದ, ದಣಿದ ಪಿಚರ್‌ನ ಜಾಗಕ್ಕೆ ಬರಲು ಕೆಲವರು ಬುಲ್‌ಪೆನ್‌ನಲ್ಲಿ, ಅಂದರೆ ಪಿಚರ್‌ಗಳು ಕೈ ಸಡಿಲಿಸಿಕೊಳ್ಳುವ ಜಾಗದಲ್ಲಿ, ಸಿದ್ಧರಾಗಿ ಕಾಯುತ್ತಾರೆ. ಅವರೇ ರಿಲೀಫ್ ಪಿಚರ್‌ಗಳು. 1971ರ ಸೆಪ್ಟೆಂಬರ್ 15ರಂದು ಅಟ್ಲಾಂಟಾ ಬ್ರೇವ್ಸ್ ವಿರುದ್ಧ ಆಸ್ಟ್ರೋಡೋಮ್‌ನಲ್ಲಿ ನಡೆದ ಪಂದ್ಯದ ಒಂಬತ್ತನೆಯ ಇನಿಂಗ್ಸ್‌ಗೆ ಕರೆ ಬಂದಾಗ ಯೌಂಟ್ ಅವರಿಗೆ 21 ವರ್ಷ. ಸೇನೆಯ ಮೀಸಲು ಸೇವೆಗೆ ಹೋಗಿದ್ದರಿಂದ ಅಭ್ಯಾಸ ತಪ್ಪಿದ್ದ ಅವರಿಗೆ, ಬುಲ್‌ಪೆನ್‌ನಲ್ಲಿ ಕೈ ಸಡಿಲಿಸಿಕೊಳ್ಳುವಾಗಲೇ ಮೊಣಕೈ ನೋಯತೊಡಗಿತ್ತು. ಮೈದಾನಕ್ಕೆ ಇಳಿದ ಮೇಲೆ ಸರಿಹೋದೀತೆಂದು ಪಿಚರ್‌ನ ದಿಬ್ಬದ ತನಕ ನಡೆದು ಬಂದರು. ಅಲ್ಲಿ ಅಭ್ಯಾಸದ ಎಸೆತಗಳನ್ನು ಎಸೆಯುತ್ತಿದ್ದಂತೆ ನೋವು ಇನ್ನಷ್ಟು ಹೆಚ್ಚಿತು, ಬ್ಯಾಟರ್‌ಗೆ ಒಂದೂ ಚೆಂಡು ಹಾಕದೆ ಹೊರನಡೆದರು. ಬದಲಿ ಆಟಗಾರನ ಹೆಸರು ಘೋಷಣೆಯಾದೊಡನೆ ಆತ ಪಂದ್ಯಕ್ಕೆ ಸೇರಿದಂತೆ ಎಂಬುದು ನಿಯಮ. ಹಾಗಾಗಿ ಅವರ ದಾಖಲೆಯಲ್ಲಿ ಪಂದ್ಯ ಒಂದು, ಎದುರಿಸಿದ ಬ್ಯಾಟರ್‌ಗಳ ಸಂಖ್ಯೆ ಸೊನ್ನೆ.

ಎಸೆದೇ ಹೋಗಬೇಕಿತ್ತೆಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ಬದಲಿ ಪಿಚರ್ ಕನಿಷ್ಠ ಒಬ್ಬ ಬ್ಯಾಟರ್‌ನನ್ನಾದರೂ ಎದುರಿಸಬೇಕೆಂಬ ಅಂದಿನ ನಿಯಮವೂ (2020ರಿಂದ ಅದು ಮೂವರಿಗೆ ಏರಿದೆ) ಗಾಯಗೊಂಡವರಿಗೆ ವಿನಾಯಿತಿ ಕೊಟ್ಟಿತ್ತು. ಮೊಣಕೈಯ ಹರಿದ ಅಸ್ಥಿರಜ್ಜುವಿನ ಜಾಗಕ್ಕೆ ಬೇರೊಂದನ್ನು ಜೋಡಿಸುವ, ಈಗ ಪಿಚರ್ ಟಾಮಿ ಜಾನ್ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಶಸ್ತ್ರಚಿಕಿತ್ಸೆಯನ್ನು ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದೇ 1974ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು, ಕೈಯನ್ನೇ ನಂಬಿ ಬದುಕುವ ಹುಡುಗನೊಬ್ಬ ದಾಖಲೆಯ ಆಸೆಗೆ ಬೀಳದೆ ನೋವನ್ನು ಬಾಯಿಬಿಟ್ಟು ಹೇಳಿದ್ದು ಸರಿಯಾದ ತೀರ್ಮಾನ. ನಿಮ್ಮ ಹುಡುಗರೂ ನೋವೆಂದೊಡನೆ ಹೆದರದೆ ನಿಮ್ಮ ಬಳಿ ಬರುವಂತಾಗಬೇಕೆಂಬುದು ನನ್ನ ಕಳಕಳಿಯ ವಿನಂತಿ.

ಯೌಂಟ್ ಮುಂದೆ ಕೆಲವು ವರ್ಷ ಕೆಳ ಹಂತದ ಲೀಗ್‌ಗಳಲ್ಲಿ ಆಡಿದರೂ ಮತ್ತೆ ಮೇಜರ್ ಲೀಗ್ ಪಂದ್ಯಕ್ಕಿಳಿಯುವ ಅವಕಾಶ ಸಿಗಲಿಲ್ಲ. ಅವರ ತಮ್ಮ ರಾಬಿನ್ 1974ರಲ್ಲಿ, 18ನೆಯ ವಯಸ್ಸಿಗೇ, ಮಿಲ್ವಾಕೀ ಬ್ರೂವರ್ಸ್ ತಂಡದಲ್ಲಿ ಆಡಲಾರಂಭಿಸಿ, 20 ಋತುಗಳಲ್ಲಿ 3,142 ಹಿಟ್‌ಗಳನ್ನು ಗಳಿಸಿ, 1999ರಲ್ಲಿ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾದರು. ಏಜೆಂಟ್ ಆಗಿ ಆ ತಮ್ಮನ ಒಪ್ಪಂದಗಳ ವ್ಯವಹಾರ ನೋಡಿಕೊಂಡವರು ಲ್ಯಾರಿಯವರೇ.