ಮೂರ್ತಿ ಇಲ್ಲದವರಿಗೂ ಹಬ್ಬ ಉಂಟೇ?

ಪ್ರಶ್ನೆ: ಮಂಗಳೂರಿನ ಸಮಾಜ ಸುಧಾರಕ ಕುದ್ಮುಲ್ ರಂಗರಾಯರು ಬ್ರಹ್ಮ ಸಮಾಜದವರು ಎಂದು ಓದಿದೆ. ಆ ಸಮಾಜದಲ್ಲಿ ಮೂರ್ತಿಪೂಜೆ ಇಲ್ಲವಂತೆ. ಹಾಗಾದರೆ ಅವರಿಗೆ ಹಬ್ಬ ಅಂತ ಏನಾದರೂ ಇದೆಯೇ?

ಉತ್ತರ: ಇದೆ, ಮಾಘೋತ್ಸವ ಅಂತ. ಕೊಲ್ಕತ್ತಾದಲ್ಲಿ ಜೋರು. ನಮ್ಮ ಪಂಚಾಂಗದ ಮಾಘ ಮಾಸದಲ್ಲಿ ಸುಮ್ನೆ ಹುಡುಕಬೇಡಿ. ಬಂಗಾಳಿಗಳದು ಸೌರಮಾನದ ತಿಂಗಳು. ಅವರ ಮಾಘದ 11ನೇ ದಿನ ಈಗ ಜನವರಿ 25ರ ಆಸುಪಾಸು ಬರುತ್ತದೆ.

ಬ್ರಹ್ಮ ಸಮಾಜದ ಮೂಲವಾದ ರಾಮಮೋಹನ ರಾಯರ ಸಭೆ 1828ರಲ್ಲಿ ಶುರುವಾದದ್ದು ಬಾಡಿಗೆ ಮನೆಯಲ್ಲಿ. 1830ರ ಜನವರಿ 23ರಂದು, ಅಂದರೆ ಆಗಿನ ಮಾಘದ 11ನೇ ದಿನ, ಕೊಲ್ಕತ್ತಾದ ಚಿತ್ಪುರ ರಸ್ತೆಯಲ್ಲಿ ಅವರದೇ ಮಂದಿರದ ಬಾಗಿಲು ತೆರೆಯಿತು. ಆ ದಿನದ ನೆನಪೇ ಹಬ್ಬ. ಮಂದಿರದ ಟ್ರಸ್ಟ್ ಪತ್ರ ಓದಲು ಸೊಗಸಾಗಿದೆ: ಯಾರು ಬೇಕಾದರೂ ಬರಬಹುದು, ವಿಗ್ರಹ ಇಡುವಂತಿಲ್ಲ, ಪ್ರಾಣಿಬಲಿ ಕೂಡದು, ಬೇರೆಯವರು ಪೂಜಿಸುವುದನ್ನು ಹೀಯಾಳಿಸಬಾರದು. ಈ ಕೊನೆಯ ಮಾತು ನನಗೆ ಜಾಸ್ತಿ ಇಷ್ಟ. ಸುಧಾರಕರಿಗೆ ಬಾಯಿ ಕಟ್ಟುವುದು ಕಷ್ಟ, ಅಲ್ವಾ?

ಹಬ್ಬದ ದಿನ ಉಪಾಸನೆ ಇರುತ್ತದೆ. ಧ್ಯಾನ, ಪ್ರಾರ್ಥನೆ, ಉಪದೇಶ. ಆದರೆ ನನ್ನನ್ನು ಕೇಳಿದರೆ ಹಬ್ಬದ ಜೀವ ಇರುವುದು ಹಾಡಿನಲ್ಲಿ. 1868ರ ಮಾಘೋತ್ಸವದಲ್ಲಿ ಬ್ರಹ್ಮ ಸಮಾಜದ ಮುಂದಾಳು ಕೇಶವಚಂದ್ರ ಸೇನರ ಗುಂಪು ನಮ್ಮ ನಗರ ಭಜನೆಯ ಹಾಗೆ ಹಾಡುತ್ತಾ ಬೀದಿಗಿಳಿಯಿತು. ಗಂಡಿಗೂ ಹೆಣ್ಣಿಗೂ ಸಮಾನ ಹಕ್ಕು, ಭಕ್ತಿ ಇದ್ದವರಿಗೆ ಮುಕ್ತಿ, ಜಾತಿಯ ಮಾತೇ ಇಲ್ಲ: ಇದು ಆ ಹಾಡಿನ ತಿರುಳು. ಅದೂ ಬಂಗಾಳದ ವೈಷ್ಣವ ಸಂತ ಚೈತನ್ಯರ ಕೀರ್ತನೆಯ ಧಾಟಿಯಲ್ಲಿ. ವಿಗ್ರಹ ಬಿಟ್ಟವರು ವೈಷ್ಣವರ ರಾಗವನ್ನು ಬಿಡಲಿಲ್ಲ ನೋಡಿ!

ರವೀಂದ್ರನಾಥ ಠಾಕೂರರಂತೂ ಈ ಹಬ್ಬಕ್ಕೆಂದೇ ಎಷ್ಟೋ ಹಾಡು ಕಟ್ಟಿದರು. ನಮ್ಮ ‘ಜನಗಣಮನ’ವೂ 1912ರ ಜನವರಿಯಲ್ಲಿ ಸಮಾಜದ ‘ತತ್ತ್ವಬೋಧಿನೀ ಪತ್ರಿಕಾ’ದಲ್ಲಿ ಅಚ್ಚಾಯಿತು, ಬ್ರಹ್ಮಸಂಗೀತ ಎಂಬ ಹೆಸರಿನಡಿ.

1887ರ ಮಾಘೋತ್ಸವಕ್ಕೆ ಅವರು ಬರೆದ ಒಂದು ಹಾಡಿನ ಭಾವ ಹೀಗಿದೆ: ಕಣ್ಣು ನಿನ್ನನ್ನು ಕಾಣಲಾರದು, ನೀನಿರುವುದೋ ಕಣ್ಣಿನಲ್ಲೇ. ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ. ತಂದೆ ದೇವೇಂದ್ರನಾಥರು ಆಗ ಕೊಲ್ಕತ್ತಾ ಹತ್ತಿರದ ಚಿನ್ಸುರಾ ಊರಿನಲ್ಲಿದ್ದರು. ಮಗನನ್ನು ಕರೆಸಿ, ಹೊಸ ಹಾಡುಗಳನ್ನೆಲ್ಲ ಹಾಡಿಸಿದರು. ದೇಶದ ರಾಜನಿಗೆ ಈ ನಾಡಿನ ಭಾಷೆ ಗೊತ್ತಿದ್ದರೆ ಕವಿಗೆ ಬಹುಮಾನ ಕೊಡುತ್ತಿದ್ದ, ಅದು ಆಗದ ಮಾತು, ನಾನೇ ಕೊಡಬೇಕು ಎಂದು 500 ರೂಪಾಯಿಯ ಚೆಕ್ ಕೈಗಿಟ್ಟರು. ಆ ಕಾಲಕ್ಕೆ ಅದೇನು ಸಣ್ಣ ದುಡ್ಡಲ್ಲ.